ಹನ್ನಳ ಅಂಗಿ, ಸೌಲನ ಕವಚ

ಸತ್ಯವೇದ ತೆರೆಯೋಣ. ಒಂದನೇ ಸಮುವೇಲನ ಪುಸ್ತಕ, ಎರಡನೇ ಅಧ್ಯಾಯ 19ನೇ ವಚನ. ಅಲ್ಲೇ ಒಂದು ಬೆರಳು ಇಟ್ಕೊಂಡು 17ನೇ ಅಧ್ಯಾಯ 38ನೇ ವಚನಕ್ಕೂ ಬನ್ನಿ. ಇವತ್ತಿನ ವಾಕ್ಯ ಇವೆರಡೇ.

ಮೊದಲನೇ ವಚನದಲ್ಲಿ ಹನ್ನ ಪ್ರತಿ ವರ್ಷ ಒಂದು ಚಿಕ್ಕ ಅಂಗಿ ಮಾಡಿ, ಶೀಲೋವಿನಲ್ಲಿದ್ದ ಮಗ ಸಮುವೇಲನಿಗೆ ತಗೊಂಡು ಹೋಗ್ತಾಳೆ. ಎರಡನೇ ವಚನದಲ್ಲಿ ಅರಸನಾದ ಸೌಲ ತನ್ನ ಯುದ್ಧದ ಉಡುಪನ್ನು, ಕವಚವನ್ನು ದಾವೀದನಿಗೆ ಹಾಕ್ತಾನೆ. ಎರಡು ಉಡುಪು, ಎರಡು ಮಕ್ಕಳು. ಒಂದು ಮೈಗೆ ಸರಿಯಾಗಿ ಕೂತಿತು. ಇನ್ನೊಂದನ್ನು ಹಾಕಿಕೊಂಡ ದಾವೀದನಿಗೆ ನಡೆಯೋದಕ್ಕೇ ಆಗಲಿಲ್ಲ. ನಿಮ್ಮ ಮಗುವಿಗೆ ನೀವು ಹೊಲಿಸ್ತಿರೋದು ಯಾವುದು, ಹನ್ನಳ ಅಂಗಿಯೋ, ಸೌಲನ ಕವಚವೋ? ಇವತ್ತು ಇದೊಂದೇ ಪ್ರಶ್ನೆ.

ಈ ಸಭೆಯಲ್ಲಿ ಕೂತಿರೋ ಎಷ್ಟೋ ಜೋಡಿಗಳು ನಮ್ಮ ನಾರಾಯಣಪುರ, ಸುರಪುರ, ಶಹಾಪುರ ಕಡೆಯಿಂದ ಬೆಂಗಳೂರಿಗೆ ಬಂದವರು. ಕೆಲವರು ಕಂಪನಿ ಕೆಲಸಕ್ಕೆ ಬಂದ್ರಿ, ಕೆಲವರು ಕಟ್ಟಡದ ಕೆಲಸಕ್ಕೆ ಬಂದ್ರಿ. ಕೆಲವರ ಮಕ್ಕಳು ಇಲ್ಲೇ ನಿಮ್ಮ ಪಕ್ಕದಲ್ಲಿ ಕೂತಿದ್ದಾರೆ. ಇನ್ನು ಕೆಲವರ ಮಕ್ಕಳು ಊರಲ್ಲಿ ಅಜ್ಜಿ ಹತ್ತಿರ ಇದ್ದಾರೆ. ಮಗುವನ್ನ ಊರಲ್ಲಿ ಬಿಟ್ಟು ಬಂದವರಿಗೆ ಒಳಗೊಳಗೇ ಒಂದು ನೋವು ಇರುತ್ತೆ. ನನಗೆ ಗೊತ್ತು, ನಾನೂ ಆ ಕಡೆಯವನೇ. ಅಂಥವರಿಗೆ ದೇವರ ವಾಕ್ಯ ಹೇಳೋದೇನು? ಹನ್ನಳ ಮಗನೂ ಅವಳ ಹತ್ತಿರ ಇರಲಿಲ್ಲ.

ಅಳತೆ ಗೊತ್ತಿರೋ ತಾಯಿ

ಹನ್ನ ಇದ್ದದ್ದು ರಾಮದಲ್ಲಿ, ಮಗ ಇದ್ದದ್ದು ಶೀಲೋವಿನಲ್ಲಿ. ವಿಡಿಯೋ ಕಾಲ್ ಇಲ್ಲ, ಫೋಟೋ ಇಲ್ಲ. ವರ್ಷಕ್ಕೊಮ್ಮೆ ಬಲಿ ಅರ್ಪಿಸೋಕೆ ಹೋದಾಗ ಭೇಟಿ. ಆದರೂ ಅಂಗಿ ಹೊಲಿಯಬೇಕಂದ್ರೆ ಏನು ಗೊತ್ತಿರಬೇಕು? ಅಳತೆ ಗೊತ್ತಿರಬೇಕು. ಹೋದ ವರ್ಷಕ್ಕಿಂತ ಎಷ್ಟು ಎತ್ತರ ಆಗಿದ್ದಾನೆ, ಭುಜ ಎಷ್ಟು ಅಗಲ ಆಗಿದೆ ಅಂತ ಆಕೆ ವರ್ಷವಿಡೀ ಮನಸ್ಸಲ್ಲಿ ಲೆಕ್ಕ ಹಾಕ್ತಾ ಇದ್ದಿರಬೇಕು. ಹೋದ ವರ್ಷದ ಅಂಗಿ ಈ ವರ್ಷಕ್ಕೆ ಬರಲ್ಲ. ಮಗ ಬೆಳೆದ ಹಾಗೆ ಅಂಗಿಯೂ ಬೆಳೀಬೇಕು.

ಹತ್ತಿರ ಇರೋದು ಒಂದು, ಅಳತೆ ಗೊತ್ತಿರೋದು ಇನ್ನೊಂದು. ಒಂದೇ ಮನೆಯಲ್ಲಿದ್ದು ಮಗನ ಅಳತೆ ಗೊತ್ತಿಲ್ಲದ ಅಪ್ಪಂದಿರು ಇದ್ದಾರೆ. ನಿಮ್ಮ ಮಗಳ ಹತ್ತಿರದ ಗೆಳತಿ ಯಾರು? ಮಗನಿಗೆ ಯಾವ ಮೇಷ್ಟ್ರನ್ನು ಕಂಡ್ರೆ ಭಯ? ರಾತ್ರಿ ಅವನಿಗೆ ನಿದ್ದೆ ಬರ್ತಾ ಇದೆಯಾ? ಇದಕ್ಕೆ ಉತ್ತರ ಗೊತ್ತಿಲ್ಲ ಅಂದ್ರೆ ಅಳತೆ ತಗೊಂಡು ಬಹಳ ದಿನ ಆಯ್ತು ಅಂತ ಅರ್ಥ.

ಊರಿಗೆ ಫೋನ್ ಮಾಡಿದಾಗ ನಾವು ಕೇಳೋದು ಏನು? "ಓದ್ತೀಯೇನಪ್ಪ? ಅಜ್ಜಿ ಮಾತು ಕೇಳ್ತೀಯೇನು?" ಆ ಕಡೆಯಿಂದ "ಹೂಂ." ಮುಗೀತು ಮಾತು. ಈ ವಾರ ಬೇರೆ ಥರ ಕೇಳಿ ನೋಡ್ರಿ. "ಇವತ್ತು ಯಾವುದಕ್ಕೆ ನಗು ಬಂತು ತಮ್ಮಾ? ಯಾವುದು ಕಷ್ಟ ಆಯ್ತು?" ಹೇಳೋ ತನಕ ಸುಮ್ಮನೆ ಕಾಯಿರಿ. ಇನ್ನೊಂದು ಮಾತು. ಅಜ್ಜಿ ಬೇಡ ಅಂದದ್ದನ್ನ ನೀವು ಫೋನಲ್ಲಿ "ಆಯ್ತು ಕೊಡು" ಅನ್ನಬೇಡಿ. ತಿಮೊಥೆಯನ ನಂಬಿಕೆ ಮೊದಲು ಅಜ್ಜಿ ಲೋವಿಯಲ್ಲಿ, ಆಮೇಲೆ ತಾಯಿ ಯೂನೀಕೆಯಲ್ಲಿ ಇತ್ತು ಅಂತ ಪೌಲ ಬರೀತಾನೆ. ಅಜ್ಜಿಯ ಮಾತಿನ ತೂಕ ನೀವು ಕಮ್ಮಿ ಮಾಡಿದ್ರೆ ಮಗುವಿಗೆ ಹಿಡಿದುಕೊಳ್ಳೋಕೆ ಗೋಡೆಯೇ ಇರೋದಿಲ್ಲ.

ಗೆಲ್ಲೋದಕ್ಕೆ ಮೊದಲೇ ಮಗ

ಲೋಕವೂ ನಮ್ಮ ಮಕ್ಕಳ ಅಳತೆ ತಗೊಳ್ಳುತ್ತೆ. 2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶ ನೆನಪಿದೆಯಾ? ಉಡುಪಿ ಮೊದಲು, ಶೇಕಡಾ 94. ನಮ್ಮ ಯಾದಗಿರಿ ಕೊನೆಗೆ, ಶೇಕಡಾ 50.59. ಪೇಪರಲ್ಲಿ, ಟಿವಿಯಲ್ಲಿ ಕೊನೇ ಸ್ಥಾನ, ಕೊನೇ ಸ್ಥಾನ ಅಂತ ಬಂತು. ಆ ಅಂಕಿ ಸುಳ್ಳಲ್ಲ. ಶಾಲೆ ಸುಧಾರಿಸಬೇಕು, ಶಿಕ್ಷಕರು ಬೇಕು, ಅದಕ್ಕಾಗಿ ಕೇಳಬೇಕು, ಕೆಲಸವೂ ಮಾಡಬೇಕು. ಆದರೆ ಜಿಲ್ಲೆಯ ಅಂಕಿ ಒಂದು ಮಗುವಿನ ಹೆಸರಾಗಬಾರದು. ಹದಿನೈದು ವರ್ಷದ ಹುಡುಗಿ "ನಾವು ಕೊನೇ ಜಿಲ್ಲೆಯವರು, ನಮ್ಮಿಂದ ಏನಾಗ್ತದ" ಅಂದುಕೊಂಡ್ರೆ ಅದು ಸೈತಾನನ ಸುಳ್ಳು. ಆಮೆನ್ ಹೇಳ್ರಿ.

ಇಷಯನ ಮನೆಗೆ ಸಮುವೇಲ ಬಂದಾಗ ಏನಾಯ್ತು? 16ನೇ ಅಧ್ಯಾಯ. ಅಪ್ಪ ಏಳು ಗಂಡುಮಕ್ಕಳನ್ನು ಸಾಲಾಗಿ ತೋರಿಸಿದ. ಎಂಟನೆಯವನನ್ನು ಕರೆಯಲೇ ಇಲ್ಲ. ಅವನು ಕೊನೆಯವನು, ಕುರಿ ಕಾಯೋಕೆ ಹೋಗಿದ್ದ. ದೇವರ ಪ್ರವಾದಿ ಏನು ಹೇಳಿದ? ಅವನನ್ನು ಕರೆಸಿ, ಅವನು ಬರೋ ತನಕ ನಾವು ಊಟಕ್ಕೆ ಕೂರೋದಿಲ್ಲ ಅಂದ. ಕೊನೆಯವನಿಗಾಗಿ ಇಡೀ ಮನೆ ನಿಂತುಕೊಂಡು ಕಾಯ್ತು. ಹಲ್ಲೆಲೂಯ!

ಯೇಸುವಿನ ದೀಕ್ಷಾಸ್ನಾನ ನೋಡಿ, ಮತ್ತಾಯ 3ನೇ ಅಧ್ಯಾಯ. ಇವನು ನನ್ನ ಪ್ರಿಯ ಮಗ, ಇವನಲ್ಲಿ ನನಗೆ ಸಂತೋಷ ಅನ್ನೋ ಅರ್ಥದ ಮಾತು ಪರಲೋಕದಿಂದ ಕೇಳಿಸಿತು. ಯಾವಾಗ? ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ, ಒಂದು ಪ್ರಸಂಗವನ್ನೂ ಮಾಡಿರಲಿಲ್ಲ. ಕೆಲಸ ಶುರುವಾಗೋ ಮೊದಲೇ ತಂದೆ ಮಗ ಅಂತ ಕರೆದ. ಮಕ್ಕಳ ಆತ್ಮವಿಶ್ವಾಸದ ಬೇರು ಇಲ್ಲಿದೆ. ಮಾರ್ಕ್ಸ್ ಬಂದ ಮೇಲೆ ಪ್ರೀತಿಸೋ ಮನೆಯಲ್ಲಿ ಮಗು ಬಾಡಿಗೆದಾರನ ಹಾಗೆ ಬದುಕ್ತದೆ. ಮೊದಲೇ ಪ್ರೀತಿ ಸಿಕ್ಕ ಮನೆಯಲ್ಲಿ ವಾರಸುದಾರನ ಹಾಗೆ ಬದುಕ್ತದೆ.

ಆದ್ದರಿಂದ ಫಲಿತಾಂಶದ ದಿನ ನಿಮ್ಮ ಬಾಯಿಂದ ಬರೋ ಮೊದಲ ಮಾತು ಏನು ಅಂತ ಇವತ್ತೇ ತೀರ್ಮಾನ ಮಾಡಿಡಿ. ನನ್ನ ಸಲಹೆ ಇಷ್ಟೇ: "ಬಾ ಯಪ್ಪಾ, ಮೊದಲು ಊಟ ಮಾಡು." ಮಾರ್ಕ್ಸ್ ಮಾತು ಆಮೇಲೆ. ಫೇಲ್ ಆದ ದಿನ ಮಗುವನ್ನ ಒಂಟಿಯಾಗಿ ಬಿಡಬೇಡಿ, ನೆಂಟರಿಗೆಲ್ಲ ಫೋನ್ ಮಾಡಿ ಅಳಬೇಡಿ. ಇನ್ನೊಂದು ವಿಷಯ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಎಸ್‌ಎಸ್‌ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಅವಕಾಶ ಮಾಡಿದ್ದಾರೆ. ಮೊದಲನೆಯದರಲ್ಲಿ ಬಿದ್ದ ಮಗು ಅದೇ ವರ್ಷ ಎದ್ದು ನಿಲ್ಲಬಹುದು. ಸರ್ಕಾರವೇ ಬಾಗಿಲು ತೆರೆದಿಟ್ಟಿರುವಾಗ ಅಪ್ಪ ಅವ್ವ ಬಾಗಿಲು ಹಾಕಬಾರದು.

ನಡೆಯೋಕೆ ಬಿಡದ ಕವಚ

ಈಗ 17ನೇ ಅಧ್ಯಾಯ. ಸೌಲ ಕೆಟ್ಟ ಉದ್ದೇಶದಿಂದ ಕವಚ ಹಾಕಲಿಲ್ಲ. ಹುಡುಗ ಬದುಕಿ ಬರಲಿ ಅಂತಾನೇ ಹಾಕಿದ. ಆದರೆ ಅದು ಸೌಲನ ಅಳತೆಯದು. ಇಸ್ರಾಯೇಲರಲ್ಲಿ ಎಲ್ಲರಿಗಿಂತ ಎತ್ತರದ ಆಳಿನ ಕವಚ ಅದು. ದಾವೀದ ಹಾಕಿಕೊಂಡು ನೋಡಿದ, ನನಗೆ ಅಭ್ಯಾಸವಿಲ್ಲ ಅಂತ ಮರ್ಯಾದೆಯಿಂದಲೇ ತೆಗೆದಿಟ್ಟ. ತಾನು ದಿನಾ ಹಿಡಿದ ಕೋಲು, ಕವಣೆ ತಗೊಂಡು ಹೋದ.

ನಮಗೆ ಸಿಗದೇ ಹೋದದ್ದನ್ನೆಲ್ಲ ಸೇರಿಸಿ ಒಂದು ಕವಚ ಮಾಡಿ ಮಗುವಿನ ಮೇಲೆ ಹೇರ್ತೀವಿ. ನಾನು ಡಾಕ್ಟರ್ ಆಗಲಿಲ್ಲ, ನೀನು ನೀಟ್ ಬರಿ. ನನಗೆ ಇಂಗ್ಲಿಷ್ ಬರಲ್ಲ, ನೀನು ಮನೆಯಲ್ಲೂ ಇಂಗ್ಲಿಷೇ ಮಾತಾಡು. ಪಕ್ಕದ ಮನೆ ಹುಡುಗನ್ನ ನೋಡು. ಓದು ಬೇಕು, ಇಂಗ್ಲಿಷೂ ಬೇಕು. ಆದರೆ ಕವಚ ಹಾಕಿದ ಮೇಲೆ ಮಗು ನಡೀತಾ ಇದೆಯಾ, ನಿಂತೇ ಹೋಗಿದೆಯಾ ಅಂತ ನೋಡೋರು ಯಾರು? "ಅಪ್ಪಾ, ಇದು ನನ್ನ ಕೈಲಿ ಆಗ್ತಿಲ್ಲ" ಅಂತ ಮಗು ಹೇಳಿದಾಗ ಅದನ್ನ ಎದುರುತ್ತರ ಅನ್ನಬೇಡಿ. ದಾವೀದನೂ ಅರಸನಿಗೆ ಹಾಗೇ ಹೇಳಿದ.

ಗೇಟು ಎಷ್ಟು ಎತ್ತಬೇಕು?

ಅಳತೆ ನೋಡೋದು ಅಂದ್ರೆ ಮಗುವಿಗೆ ಕೆಲಸವೇ ಕೊಡಬಾರದು ಅಂತಲ್ಲ. ದಾವೀದನ ಧೈರ್ಯ ಗೊಲ್ಯಾತನ ಮುಂದೆ ಹುಟ್ಟಲಿಲ್ಲ. ಯಾರೂ ನೋಡದ ಅಡವಿಯಲ್ಲಿ, ಸಿಂಹ ಕರಡಿಯ ಬಾಯಿಂದ ಕುರಿ ಬಿಡಿಸಿದಾಗ ಹುಟ್ಟಿತು. ಅಪ್ಪ ನಿಜವಾದ ಕುರಿ, ನಿಜವಾದ ಜವಾಬ್ದಾರಿ ಕೊಟ್ಟಿದ್ದ. ಇಷಯ ಅವನನ್ನು ಯುದ್ಧಭೂಮಿಗೆ ಕಳಿಸುವಾಗ ಮೂರು ಕೆಲಸ ಹೇಳಿದ: ಹುರಿದ ಧಾನ್ಯ, ರೊಟ್ಟಿ ಮುಟ್ಟಿಸು, ಅಣ್ಣಂದಿರು ಹೇಗಿದ್ದಾರೆ ನೋಡು, ಅವರಿಂದ ಒಂದು ಗುರುತು ತಗೊಂಡು ಬಾ. ದಾವೀದ ಬೆಳಿಗ್ಗೆ ಬೇಗ ಎದ್ದು, ಕುರಿಗಳನ್ನು ಒಬ್ಬ ಕಾಯೋವನಿಗೆ ಒಪ್ಪಿಸಿ ಹೋದ. 20ನೇ ವಚನ, ನಾವು ಓದದೇ ದಾಟೋ ವಚನ. ಆದರೂ ಅಣ್ಣ ಎಲೀಯಾಬ, ಕುರಿಗಳನ್ನು ಯಾರಿಗೆ ಬಿಟ್ಟು ಬಂದೆ ಅಂತ ಎಲ್ಲರ ಮುಂದೆ ಬೈದ. ವಿಚಾರಿಸಿದ್ದರೆ ಉತ್ತರ ಸಿಗ್ತಿತ್ತು. ಬೈಯೋ ಮುಂಚೆ ಒಂದು ಸಲ ವಿಚಾರಿಸಿ, ಪ್ರಿಯರೇ.

ನಾರಾಯಣಪುರದ ಬಸವಸಾಗರ ಡ್ಯಾಮ್ ನೋಡಿದವರು ಕೈ ಎತ್ರಿ. ಕೃಷ್ಣಾ ನದಿಗೆ 30 ಗೇಟು. ಮೇಲೆ ಆಲಮಟ್ಟಿಯಿಂದ ನೀರು ಬಂದಾಗ ಒಳಹರಿವು ನೋಡ್ತಾರೆ, ಅದಕ್ಕೆ ತಕ್ಕಷ್ಟು ಗೇಟು ಎತ್ತುತ್ತಾರೆ, ಕೆಳಗಿನ ಊರಿಗೆ ಎಚ್ಚರಿಕೆ ಕೊಡ್ತಾರೆ. ಯಾವಾಗಲೂ ಎಲ್ಲ ಮುಚ್ಚಿಟ್ಟರೆ ಡ್ಯಾಮಿಗೆ ಅಪಾಯ. ಒಂದೇ ಸಲ ಎಲ್ಲ ಎತ್ತಿದ್ರೆ ಕೆಳಗಿನ ಊರಿಗೆ ಅಪಾಯ. ಮಕ್ಕಳ ಸ್ವಾತಂತ್ರ್ಯವೂ ಹಾಗೇ. ಹದಿನೆಂಟು ವರ್ಷ ಒಂದು ಗೇಟೂ ಎತ್ತದೆ, ಕಾಲೇಜಿಗೆ ಹಾಸ್ಟೆಲಿಗೆ ಕಳಿಸೋ ದಿನ 30 ಗೇಟನ್ನೂ ಒಟ್ಟಿಗೆ ಎತ್ತೋ ಮನೆಗಳಿವೆ. ಆಮೇಲೆ ಪ್ರವಾಹ ಬಂತು ಅಂತ ಅಳ್ತಾರೆ.

ಐದಾರು ವರ್ಷದ ಮಗು ಉಂಡ ತಟ್ಟೆ ತಾನೇ ಎತ್ತಿಡಲಿ, ಶಾಲೆ ಚೀಲ ತಾನೇ ಜೋಡಿಸಲಿ. ಒಂಬತ್ತು ಹತ್ತಕ್ಕೆ ಕಿರಾಣಿ ಅಂಗಡಿಗೆ ಹೋಗಿ, ಉಳಿದ ಚಿಲ್ಲರೆ ಎಣಿಸಿ ಲೆಕ್ಕ ಒಪ್ಪಿಸಲಿ. ಹದಿಮೂರಕ್ಕೆ ಒಂದು ವಾರದ ತರಕಾರಿ ದುಡ್ಡು ಅವರ ಕೈಯಲ್ಲಿ ಕೊಡಿ. ಹದಿನೈದಕ್ಕೆ ಊರಿಗೆ ಹೋಗೋ ಬಸ್ ಟಿಕೆಟ್ ಅವರೇ ಬುಕ್ ಮಾಡಲಿ, ನೀವು ಪಕ್ಕದಲ್ಲಿ ಕೂತು ನೋಡಿ. ಕೊಟ್ಟ ಮೇಲೆ ಕಿತ್ತುಕೊಳ್ಳಬೇಡಿ. ಅವರು ಮಡಚಿದ ಬಟ್ಟೆಯನ್ನ ಅವರ ಕಣ್ಣೆದುರೇ ಮತ್ತೆ ಮಡಚಬೇಡಿ. ನೋಟ್‌ಬುಕ್ ಮರೆತು ಹೋದ್ರೆ ಹಿಂದೆ ಓಡಬೇಡಿ. ಒಂದು ದಿನದ ಮುಜುಗರ ನೂರು ಉಪದೇಶಕ್ಕಿಂತ ಚೆನ್ನಾಗಿ ಕಲಿಸುತ್ತೆ.

ಇಲ್ಲಿ ಎರಡು ಎಚ್ಚರಿಕೆ. ಒಂದು, ಹೊರೆಗೂ ಜವಾಬ್ದಾರಿಗೂ ವ್ಯತ್ಯಾಸ ಇದೆ. ನಮ್ಮ ಕಡೆ ಹತ್ತಿ ಬಿಡಿಸೋ ಕಾಲಕ್ಕೆ ಶಾಲೆ ಬೆಂಚು ಖಾಲಿ ಆಗ್ತಾವೆ. ಮಗುವನ್ನ ಶಾಲೆ ಬಿಡಿಸಿ ಹೊಲಕ್ಕೆ ಕಳಿಸೋದಕ್ಕೆ ಜವಾಬ್ದಾರಿ ಕಲಿಸೋದು ಅಂತ ಹೆಸರಿಡಬೇಡಿ. ಅದು ಕವಚ. ಎರಡು, ಜವಾಬ್ದಾರಿಯೆಲ್ಲ ಮಗಳಿಗೆ, ಧೈರ್ಯವೆಲ್ಲ ಮಗನಿಗೆ ಅಂತ ಪಾಲು ಮಾಡಬೇಡಿ. ಮಗನೂ ತಟ್ಟೆ ತೊಳೀಲಿ. ಮಗಳೂ ಬ್ಯಾಂಕಿಗೆ ಹೋಗಲಿ, ಓದು ಮುಗಿಸಲಿ. ಹದಿನೆಂಟು ತುಂಬದ ಮಗಳಿಗೆ ತಾಳಿ ಕಟ್ಟಿಸೋದು ಕಾನೂನಿಗೂ ವಿರೋಧ, ದೇವರ ಮುಂದೆಯೂ ಅನ್ಯಾಯ.

ತಿದ್ದೋದೂ ಪ್ರೀತಿಯೇ

ಕೊನೇ ಮಾತು. ಸಮುವೇಲ ಬೆಳೆದ ಅದೇ ದೇವಸ್ಥಾನದಲ್ಲಿ ಏಲಿಯ ಮಕ್ಕಳೂ ಇದ್ರು. ಅವರು ಕಾಣಿಕೆಯನ್ನ ದೋಚ್ತಾ ಇದ್ರು. ಏಲಿಗೆ ಗೊತ್ತಿತ್ತು, ಬಾಯಲ್ಲಿ ಹೇಳಿದ, ತಡೆಯಲಿಲ್ಲ. 3ನೇ ಅಧ್ಯಾಯ 13ನೇ ವಚನದಲ್ಲಿ ದೇವರು ಅದನ್ನೇ ಲೆಕ್ಕ ಕೇಳ್ತಾನೆ. ಇನ್ನೊಂದು ಕಡೆ ಕೊಲೊಸ್ಸೆಯವರಿಗೆ 3:21ರಲ್ಲಿ ಪೌಲ ತಂದೆಗಳಿಗೆ ಹೇಳ್ತಾನೆ, ಮಕ್ಕಳ ಮನಸ್ಸು ಕುಗ್ಗೋ ಹಾಗೆ ಅವರನ್ನು ಕೆಣಕಬೇಡಿ. ತಡೆಯದೇ ಇರೋದೂ ತಪ್ಪು, ಕುಗ್ಗಿಸೋದೂ ತಪ್ಪು. ಹಾಗಾದ್ರೆ ಹೇಗೆ? ತಪ್ಪಿಗೆ ತಕ್ಕ ಫಲ ಇರಲಿ. ಒಡೆದದ್ದನ್ನ ಅವರೇ ಸರಿ ಮಾಡಲಿ, ಸುಳ್ಳು ಹೇಳಿದವರ ಹತ್ತಿರ ಹೋಗಿ ಅವರೇ ನಿಜ ಹೇಳಲಿ. "ಈ ಕೆಲಸ ತಪ್ಪು" ಅನ್ನಿ, "ನೀನೇ ಕೆಟ್ಟವನು" ಅನ್ನಬೇಡಿ. ಅದೇ ರಾತ್ರಿ ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಮಲಗಿಸಿ.

ಈ ವಾರ ಮನೆಗೆ ಮೂರು ಕೆಲಸ. ಪ್ರತಿ ಮಗುವಿನ ಜೊತೆ ಹದಿನೈದು ನಿಮಿಷ, ಫೋನ್ ಪಕ್ಕಕ್ಕಿಟ್ಟು ಮಾತಾಡಿ; ಊರಲ್ಲಿದ್ರೆ ಫೋನಲ್ಲೇ ಮಾತಾಡಿ. ಪ್ರತಿ ಮಗುವಿಗೆ ವಯಸ್ಸಿಗೆ ತಕ್ಕ ಒಂದು ಹೊಸ ಕೆಲಸ ಕೊಟ್ಟು, ಒಂದು ತಿಂಗಳು ಕಿತ್ತುಕೊಳ್ಳದೇ ಇರಿ. ನೀವು ಹೇರಿರೋ ಒಂದು ಕವಚದ ಹೆಸರು ಬರೆದು, ದೇವರ ಮುಂದೆ ಇಟ್ಟು ತೆಗೆದುಬಿಡಿ.

ಎದ್ದು ನಿಲ್ಲೋಣ. ಮಕ್ಕಳು ಪಕ್ಕದಲ್ಲಿದ್ರೆ ಕೈ ಹಿಡಿದುಕೊಳ್ಳಿ. ದೂರದಲ್ಲಿದ್ರೆ ಅವರ ಹೆಸರು ಜೋರಾಗಿ ಹೇಳ್ರಿ, ನಾಚಿಕೆ ಬೇಡ.

ತಂದೆಯೇ, ನೀನು ನಮ್ಮನ್ನು ಮೊದಲೇ ಮಕ್ಕಳು ಅಂತ ಕರೆದೆ, ನಿನಗೆ ಸ್ತೋತ್ರ. ಇಲ್ಲಿರೋ, ನಾರಾಯಣಪುರದಲ್ಲಿರೋ, ಎಲ್ಲೇ ಇರೋ ನಮ್ಮ ಮಕ್ಕಳ ಅಳತೆ ನಿನಗೆ ಗೊತ್ತು. ಅದನ್ನು ನಮಗೂ ತೋರಿಸು. ಎತ್ತಬೇಕಾದ ಗೇಟು ಎತ್ತೋ ಧೈರ್ಯ ಕೊಡು, ತಡೀಬೇಕಾದ ಕಡೆ ತಡೆಯೋ ಬಲ ಕೊಡು. ಪವಿತ್ರಾತ್ಮನೇ, ನಾವು ತಲುಪಲಾಗದ ಕಡೆ ನೀನು ಅವರ ಜೊತೆ ಇರು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ಆಮೆನ್.