ರಾಕ್ ಸಂಗೀತದ ಶ್ರವಣ ಮತ್ತು ಋಷಿಋಣ

ತನ್ನ ನಾಡಿನ ಆರಾಧನೆಯ ಪರಿಧಿಯ ಹೊರಗೆ ಹುಟ್ಟಿದ ಸಂಗೀತವನ್ನು ಶ್ರದ್ಧೆಯಿಂದ ಕೇಳುವುದೂ ಕಲಿಯುವುದೂ ಸಾಧನೆ ಎನಿಸೀತೇ, ಇಲ್ಲವೇ ಅದು ಬರಿಯ ಇಂದ್ರಿಯವಿನೋದವೇ ಎಂಬುದು ಧರ್ಮಜಿಜ್ಞಾಸೆಗೆ ತಕ್ಕ ಪ್ರಶ್ನೆಯಾಗಿದೆ. 1960 ಮತ್ತು 70ರ ದಶಕಗಳಲ್ಲಿ ಇಂಗ್ಲೆಂಡ್, ಅಮೆರಿಕಗಳಲ್ಲಿ ಬೆಳೆದ, ಎಲೆಕ್ಟ್ರಿಕ್ ಗಿಟಾರ್ ಪ್ರಧಾನವಾದ ಸಂಗೀತಕ್ಕೆ ಕ್ಲಾಸಿಕ್ ರಾಕ್ ಎಂದು ಹೆಸರು. ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳಲ್ಲಿ ಅದನ್ನು ಕಲಿಯಹೊರಟವರಿಗೆ ಈ ಪ್ರಶ್ನೆ ಹೆಚ್ಚು ಹತ್ತಿರದ್ದು. ಏಕೆಂದರೆ ದೇವರ ಬಲಿ, ದೈವದ ನೇಮ, ಯಕ್ಷಗಾನ, ಭಜನೆಗಳ ಈ ಸೀಮೆಯಲ್ಲಿ ವಾದ್ಯವೆಂಬುದು ಬಹುಮಟ್ಟಿಗೆ ಆರಾಧನೆಯ ಅಂಗವಾಗಿಯೇ ಬೆಳೆದಿದೆ.

ಪೂರ್ವಪಕ್ಷದ, ಎಂದರೆ ಎದುರುವಾದದ, ಆಕ್ಷೇಪಗಳು ಎರಡು. ಪರಕೀಯವಾದುದು ಸ್ವಧರ್ಮಕ್ಕೆ ಹೊಂದದು ಎಂಬುದು ಮೊದಲನೆಯದು. ರಾಕ್ ರಜೋಗುಣವನ್ನು, ಎಂದರೆ ಮನಸ್ಸಿನ ಉದ್ರೇಕವನ್ನು, ಹೆಚ್ಚಿಸುತ್ತದೆ ಎಂಬುದು ಎರಡನೆಯದು. ಈ ಎರಡನೆಯ ಆಕ್ಷೇಪ ಇಲ್ಲಿಯದು ಮಾತ್ರವಲ್ಲ: ರಾಕ್‌ನ ತಾಯಿಬೇರಾದ ಬ್ಲೂಸ್ ಸಂಗೀತವನ್ನು ಅಮೆರಿಕದ ಚರ್ಚುಗಳ ಅನೇಕ ಭಕ್ತರೇ ಸೈತಾನನ ಸಂಗೀತವೆಂದು ದೂರವಿಟ್ಟಿದ್ದರು.

ಮೊದಲನೆಯ ಆಕ್ಷೇಪಕ್ಕೆ ಕರಾವಳಿಯ ಆಚರಣೆಯೇ ಉತ್ತರ ಕೊಟ್ಟಿದೆ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ಸ್ಯಾಕ್ಸೋಫೋನ್ ಇಂದು ದೇವಸ್ಥಾನದ ಉತ್ಸವಗಳಲ್ಲೂ ನೇಮಗಳಲ್ಲೂ ಕೇಳಿಬರುತ್ತದೆ. ನೆರೆಯ ಬಂಟ್ವಾಳ ತಾಲ್ಲೂಕಿನಲ್ಲಿ ನಾಗಸ್ವರದ ಮನೆತನದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಅದರಲ್ಲಿ ಗಮಕಗಳನ್ನು ನುಡಿಸಿ ತೋರಿಸಿದರು. ಪುತ್ತೂರಿನಲ್ಲಿ ದೀರ್ಘಕಾಲ ನೆಲಸಿದ್ದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಪಿಟೀಲಿನೊಡನೆ ಸ್ಯಾಕ್ಸೋಫೋನನ್ನೂ ಬಳಸಿದರು. ವಾದ್ಯದ ಯೋಗ್ಯತೆಯನ್ನು ಇಲ್ಲಿ ನಿರ್ಣಯಿಸಿದ್ದು ಅದರ ಹುಟ್ಟೂರಲ್ಲ, ನುಡಿಸುವವರ ಸಾಧನೆ.

ಎರಡನೆಯ ಆಕ್ಷೇಪಕ್ಕೆ ಪಾಡ್ದನಗಳ ಕಡೆ ನೋಡಬೇಕು. ತೆಂಬರೆಯೆಂಬ ಚರ್ಮವಾದ್ಯದೊಡನೆ ಹೇಳುವ ಈ ತುಳು ಕಥನಗೀತಗಳನ್ನು ನೇಮದಲ್ಲಿ ಉಳಿಸಿಕೊಂಡು ಬಂದವರು ಪಂಬದ, ಪರವ, ನಲಿಕೆ ಸಮುದಾಯಗಳವರು, ಎಂದರೆ ಜಾತಿಶ್ರೇಣಿಯಲ್ಲಿ ಕೆಳಗೆ ತಳ್ಳಲ್ಪಟ್ಟವರು. ಪಾಡ್ದನಗಳು ಹೇಳುವ, ಪಡುಮಲೆಯ ವೀರರಾದ ಕೋಟಿ ಚೆನ್ನಯರ ಕಥೆ ಅಧಿಕಾರದ ಅನ್ಯಾಯಕ್ಕೆ ತಿರುಗಿಬಿದ್ದವರದು. ಅವರು ಇಂದು ಗರಡಿಗಳೆಂಬ ಆರಾಧನಾಸ್ಥಾನಗಳಲ್ಲಿ ಪೂಜೆಗೊಳ್ಳುತ್ತಾರೆ. ನೋವನ್ನೂ ಸಿಟ್ಟನ್ನೂ ಪವಿತ್ರದಿಂದ ಹೊರಗಿಡದ ಈ ನಾಡಿಗೆ, ಆಫ್ರಿಕದಿಂದ ಗುಲಾಮರಾಗಿ ಒಯ್ಯಲ್ಪಟ್ಟವರ ಸಂತತಿ ಕಟ್ಟಿದ ಬ್ಲೂಸ್ ಉದ್ರೇಕದ ಕಾರಣಕ್ಕೆ ಮಾತ್ರವೇ ತ್ಯಾಜ್ಯವಾಗಲಾರದು.

ಹಾಗೆಂದು ಕಿವಿಗೆ ಬಿದ್ದುದೆಲ್ಲ ಸಾಧನೆಯಾಗುವುದಿಲ್ಲ. ವೇದಾಂತವು ಹೇಳುವ ಶ್ರವಣ, ಮನನ, ನಿದಿಧ್ಯಾಸನಗಳೆಂಬ ಮೂರು ಹಂತಗಳು ಬ್ರಹ್ಮವಿಚಾರಕ್ಕೆ ಸಂಬಂಧಿಸಿದವಾದರೂ ಕಲಿಕೆಯ ಕ್ರಮವಾಗಿ ಇಲ್ಲಿಯೂ ಸಲ್ಲುತ್ತವೆ. ಆಲ್ಬಮ್ ಒಂದನ್ನು ಆದ್ಯಂತ ಕೇಳಿ, ಮತ್ತೆ ಕೇಳುವಾಗ ಬೇಸ್ ಗಿಟಾರನ್ನೋ ಡ್ರಮ್ಮನ್ನೋ ಪ್ರತ್ಯೇಕವಾಗಿ ಅನುಸರಿಸುವುದು ಶ್ರವಣ. ಕೇಳಿದುದನ್ನು ತಿಳಿದುದರೊಡನೆ ಕೂಡಿಸಿ ವಿಚಾರಿಸುವುದು ಮನನ: ರಾಕ್ ಗಿಟಾರ್ ಕಲಿಯುವವರು ಮೊದಲಿಗೆ ಅಭ್ಯಾಸ ಮಾಡುವ ಮೈನರ್ ಪೆಂಟಾಟೋನಿಕ್ ಎಂಬ ಐದು ಸ್ವರಗಳ ಶ್ರೇಣಿ ಕರ್ನಾಟಕ ಸಂಗೀತದ ಶುದ್ಧಧನ್ಯಾಸಿಯ ಸ್ವರಗಳನ್ನೇ ಹೊಂದಿದೆ, ಮತ್ತು ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸುವ ಕ್ರಮ ವೀಣೆಯಲ್ಲಿಯೂ ಉಂಟು, ಸ್ವರಗಳು ಒಂದೇ ಆದರೂ ಅವುಗಳ ನಡೆ ಬೇರೆಯೆಂಬುದು ಹೋಲಿಸಿದಾಗಲೇ ತಿಳಿಯುತ್ತದೆ. ಬೆರಳ ತುದಿಗಳು ನೋಯುವ ಕಾಲದಲ್ಲಿಯೂ ಒಂದು ಚಿಕ್ಕ ರಿಫ್ಫನ್ನು, ಎಂದರೆ ಮರುಮರಳಿ ಬರುವ ಸ್ವರಗುಚ್ಛವನ್ನು, ವಿಳಂಬಗತಿಯಲ್ಲಿ ಫಲದ ಆತುರವಿಲ್ಲದೆ ಆವರ್ತಿಸುವುದು ನಿದಿಧ್ಯಾಸನಕ್ಕೆ ಸಮೀಪವಾದುದು.

ಇದರ ಮೇಲೆ ಋಣವೊಂದು ಉಳಿಯುತ್ತದೆ. ದೇವಋಣ, ಪಿತೃಋಣಗಳ ಜೊತೆಗೆ ಶಾಸ್ತ್ರವು ಹೇಳುವ ಋಷಿಋಣವು ವಿದ್ಯೆಯನ್ನು ಕೊಟ್ಟವರಿಗೆ ಸಲ್ಲಬೇಕಾದುದು, ಅಧ್ಯಯನದಿಂದ ತೀರುವಂಥದು. ರಾಕ್‌ನಲ್ಲಿ ಈ ಋಣ ಮರೆತುಹೋದದ್ದೂ ಉಂಟು: ಲೆಡ್ ಜೆಪೆಲಿನ್ ಎಂಬ ರಾಕ್ ತಂಡದ 1969ರ ಪ್ರಸಿದ್ಧ ಗೀತೆ ‘ಹೋಲ್ ಲಾಟಾ ಲವ್’, ವಿಲ್ಲಿ ಡಿಕ್ಸನ್ ರಚಿಸಿ ಮಡ್ಡಿ ವಾಟರ್ಸ್ ಹಾಡಿದ್ದ ಬ್ಲೂಸ್ ಗೀತೆಯೊಂದರಿಂದ ಪಡೆದುದಕ್ಕಾಗಿ ಡಿಕ್ಸನ್ 1985ರಲ್ಲಿ ದಾವೆ ಹೂಡಬೇಕಾಯಿತು. 1987ರಲ್ಲಿ ರಾಜಿಯಾದ ಬಳಿಕ ಅವರ ಹೆಸರು ರಚನಕಾರರ ಸಾಲಿಗೆ ಸೇರಿತು. ಗಿಟಾರಿನ ಚಮತ್ಕಾರವನ್ನು ಮೆಚ್ಚಿ ಅದರ ಹಿಂದಿನವರನ್ನು ಅರಿಯದ ಶ್ರವಣ ಅಪೂರ್ಣ. ಆದ್ದರಿಂದ ರಾಕ್ ಕಲಿಕೆ ಸಾಧನೆಯಾಗುವುದು ಸಂಗೀತದ ಜಾತಿಯಿಂದಲ್ಲ, ಕಲಿಯುವವರ ನಿಷ್ಠೆಯಿಂದ ಮತ್ತು ಋಣಪ್ರಜ್ಞೆಯಿಂದ; ಈ ಎರಡೂ ಇಲ್ಲದೆಡೆ ಶಾಸ್ತ್ರೀಯ ಸಂಗೀತವೂ ವಿನೋದವೇ ಆಗಿ ಉಳಿಯುತ್ತದೆ.