ಹೊಳಪು ಯಾರಿಗಾಗಿ?

ನಮ್ಮ ರಾಮನಗರ, ಚನ್ನಪಟ್ಟಣದ ಕಡೆ ಕಾರು ತೊಳೆಸುವ ಜಾಗಕ್ಕೆ 'ವಾಟರ್ ಸರ್ವೀಸ್' ಎಂದೇ ಹೆಸರು. ಗಂಡಸರು ಕಾರು ಬಿಟ್ಟು ಟೀ ಕುಡಿಯಲು ಹೋಗುತ್ತಾರೆ. ನಾವು ಹೆಂಗಸರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ನೋಡುತ್ತೇವೆ. ನೋಡಿದರೆ ಕಲಿಯುವುದು ಬೇಕಾದಷ್ಟಿದೆ. ಮೊದಲು ಬರೀ ನೀರು ಹಾಯಿಸಿ ಧೂಳು, ಮರಳು ಇಳಿಸಬೇಕು. ಒಣ ಬಟ್ಟೆಯಲ್ಲಿ ಒರೆಸಿದರೆ ಆ ಮರಳೇ ಬಣ್ಣಕ್ಕೆ ಗೀರು ಎಳೆಯುತ್ತದೆ. ಸುಡುಬಿಸಿಲಲ್ಲಿ ತೊಳೆದರೆ ನೀರಿನ ಕಲೆ ಕೂತುಬಿಡುತ್ತದೆ. ಹಕ್ಕಿಯ ಹಿಕ್ಕೆ ಬಣ್ಣವನ್ನೇ ತಿನ್ನುತ್ತದೆ. ಪಾತ್ರೆಯ ಸೋಪು ಹಾಕಿದರೆ ಮೇಣದ ಲೇಪ ಎದ್ದುಹೋಗುತ್ತದೆ. ಬಣ್ಣವನ್ನು ಕಾಯುವ ಮೇಲಿನ ಪಾರದರ್ಶಕ ಪದರ ಸಾಮಾನ್ಯವಾಗಿ ತಲೆಗೂದಲಿಗಿಂತಲೂ ತೆಳು. ಅದನ್ನು ಕಾಯಲು ಮತ್ತೆ ಮೇಣ, ಸಿರಾಮಿಕ್ ಕೋಟಿಂಗ್, ಅದೂ ಸಾಲದೆ ಒಂದು ಫಿಲ್ಮು.

ಇದೆಲ್ಲ ತಪ್ಪೆನ್ನಲಾರೆ. ದುಡಿದ ದುಡ್ಡಿನ ವಸ್ತುವನ್ನು ಜೋಪಾನ ಮಾಡುವುದು ಸಂಸಾರಸ್ಥರ ಗುಣ. ನನ್ನನ್ನು ಕಾಡುವ ಪ್ರಶ್ನೆ ಬೇರೆ. ನಾವು ಕಾಪಾಡುವುದು ಯಾರಿಗಾಗಿ? ಕೇಳಿದರೆ ಥಟ್ಟನೆ ಬರುವ ಉತ್ತರ: 'ನಾಳೆ ಮಾರುವಾಗ ರೇಟು ಸಿಗಬೇಕಲ್ಲ!' ಅಂದರೆ, ಇನ್ನೂ ಮುಖ ನೋಡದ ಯಾವನೋ ಒಬ್ಬನಿಗಾಗಿ ನಮ್ಮದೇ ಕಾರಿನಲ್ಲಿ ನಾವು ಬಾಡಿಗೆಯವರಂತೆ ಮುದುಡಿ ಕೂರುತ್ತೇವೆ. ಶೋರೂಮಿನ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷವಾದರೂ ಬಿಚ್ಚದೆ, ಏಪ್ರಿಲ್ ಬಿಸಿಲಲ್ಲಿ ಬೆನ್ನು ಅದಕ್ಕೆ ಅಂಟಿಕೊಂಡರೂ ಸಹಿಸಿಕೊಂಡವರನ್ನು ನಾನು ಬಲ್ಲೆ.

ಒಂದು ಚಳಿಗಾಲ ಮಾಗಡಿ ಕಡೆಯ ಹಳ್ಳಿಯಲ್ಲಿ ನಮ್ಮ ಸೋದರತ್ತೆ ಒಂದು ಚೀಲ ಅವರೆಕಾಯಿ ಕಟ್ಟಿಟ್ಟಿದ್ದರು. ಮಾಗಡಿ ಅವರೆಯ ಸೊಗಡು ನಿಮಗೆ ಗೊತ್ತಲ್ಲ, ಬೆಳಿಗ್ಗೆ ಮುಟ್ಟಿದರೆ ಸಂಜೆಯವರೆಗೂ ಕೈಬಿಡುವುದಿಲ್ಲ. ಬಂಧುವೊಬ್ಬರ ಹೊಸ ಕಾರು ಅದೇ ದಾರಿಯಲ್ಲಿ ಬರುವುದಿತ್ತು. 'ಸೀಟಿಗೆ ವಾಸನೆ ಹಿಡಿಯುತ್ತೆ ಅತ್ತೆ, ಬಸ್ಸಿಗೆ ಹಾಕಿಬಿಡಿ' ಎಂದರಂತೆ. ಎಪ್ಪತ್ತು ದಾಟಿದ ಅತ್ತೆ ಚೀಲದ ಜೊತೆ ತಾವೂ ಬಸ್ಸು ಹತ್ತಿ ಬಂದರು. ಬಂದವರು ಒಂದು ಮಾತೂ ಆಡಲಿಲ್ಲ. ಕಾಲು ನೀಡಿ ಕೂತು ಕಾಯಿ ಸುಲಿದರು. ಆ ಬಂಧುಗಳ ಮನೆಯ ಹೊಸಿಲು ಮಾತ್ರ ಆಮೇಲೆ ತುಳಿಯಲಿಲ್ಲ. ಸೀಟಿಗೆ ಏನೂ ಆಗಲಿಲ್ಲವೆನ್ನಿ.

ಕಾರಿನವರನ್ನಷ್ಟೇ ಯಾಕೆ ಅನ್ನಬೇಕು? ರೇಷ್ಮೆಗೂಡಿನ ಊರಾದ ರಾಮನಗರದಲ್ಲೇ ಎಷ್ಟು ಬೀರುಗಳಲ್ಲಿ, ಉಡದೆ ಇಟ್ಟ ರೇಷ್ಮೆ ಸೀರೆಗಳು ಮಡಿಕೆಯಲ್ಲೇ ಸೀಳಿಲ್ಲ!

ನೀರಿನ ಲೆಕ್ಕವೂ ಇದೆ. ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಕನಕಪುರದ ಕಡೆಯ ನಮ್ಮ ಹಾರೋಹಳ್ಳಿಯ ಪಂಪುಗಳನ್ನು ದಾಟಿ ಮೇಲೇರುತ್ತದೆ. ಆ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿದ್ದು 2024ರ ಮಾರ್ಚಿನಲ್ಲಿ, ನಗರದ ನಲ್ಲಿಗಳು ಒಣಗಿದ ಮೇಲೆ. ಬಿಂದಿಗೆ ಹೊತ್ತ ಹೆಂಗಸರನ್ನು ಕೇಳಿದ್ದರೆ ಈ ನಿಯಮ ಎಂದೋ ಬರುತ್ತಿತ್ತು.

ಲೇಪವೇ ಬೇಡವೆಂದರೆ ಚನ್ನಪಟ್ಟಣದವರು ನಕ್ಕಾರು. ಅವರ ಬದುಕೇ ಲೇಪದ್ದು. ಲೇತಿನಲ್ಲಿ ತಿರುಗುವ ಹಾಲೆ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಹೂವಿನ ಗಿಡದ ಎಲೆಯನ್ನು ಒತ್ತಿದರೆ ಹೊಳಪು ಏಳುತ್ತದೆ. (ಕಾರಿಗೆ ಹಚ್ಚುವ ಕಾರ್ನೂಬಾ ಮೇಣವೂ ಬ್ರೆಜಿಲಿನ ಒಂದು ತಾಳೆ ಜಾತಿಯ ಮರದ ಎಲೆಯದೇ.) ಆದರೆ ಆ ಲೇಪ ಹಾಕುವುದು ಮಗು ಬಾಯಿಗಿಟ್ಟು ಚೀಪಲಿ, ನೆಲದ ಮೇಲೆ ಉರುಳಿಸಲಿ ಎಂದು. ಕೊಂಡು ತಂದವರು ಅದನ್ನೂ ಗಾಜಿನ ಶೋಕೇಸಿನಲ್ಲಿಟ್ಟು ಬೀಗ ಹಾಕಿದರೆ ಮಾಡಿದವರೇನು ಮಾಡಿಯಾರು?

ನಮ್ಮ ಮನೆಯಲ್ಲೊಂದು ಹಳದಿ ಗಿಲಕಿ ಇದೆ. ಮೂರು ಮಕ್ಕಳ ಕೈ ದಾಟಿ ಬಂದದ್ದು. ಅಂಚಿನಲ್ಲಿ ಹಾಲುಹಲ್ಲಿನ ಗುರುತಿದೆ, ಯಾವ ಮಗುವಿನದೋ. ಅಂಗಡಿಗೆ ಒಯ್ದರೆ ಯಾರೂ ಕೊಳ್ಳರು.