ಮಕ್ಕಳ ಧೈರ್ಯ, ಹೆತ್ತವರ ಭಯ

ಗೇರುಮರ ಹತ್ತಿದ ಮಗನನ್ನು ಕಂಡು "ಇಳಿಯೋ, ಬಿದ್ದು ಸಾಯ್ತೀಯಾ!" ಎಂದು ಚೀರುವ ತಾಯಿ ಒಂದೆಡೆ. ಮಗು ಬಾವಿಕಟ್ಟೆಯ ಬಳಿ ಆಡುತ್ತಿದ್ದರೂ "ಅಲ್ಲಾಹನು ಕಾಯುತ್ತಾನೆ" ಎಂದು ತಿರುಗಿಯೂ ನೋಡದ ತಂದೆ ಇನ್ನೊಂದೆಡೆ. ತಾಯಿ ಅದನ್ನು ಪ್ರೀತಿ ಎನ್ನುತ್ತಾಳೆ, ತಂದೆ ತವಕ್ಕುಲ್ ಎನ್ನುತ್ತಾನೆ. ನಿಜಕ್ಕೂ ಹಾಗೆಯೇ?

ಒಂಟೆಯನ್ನು ಕಟ್ಟಿ ಅಲ್ಲಾಹನ ಮೇಲೆ ಭರವಸೆಯಿಡಲೇ, ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ), ಮೊದಲು ಕಟ್ಟು, ಬಳಿಕ ಭರವಸೆಯಿಡು ಎಂದರು (ತಿರ್ಮಿದಿ). ಒಂಟೆಗೇ ಹಗ್ಗ ಬೇಕಾದರೆ ಮಗುವಿನ ಮೇಲೆ ನಿಗಾ ಬೇಡವೇ? ಆ ತಂದೆಯದ್ದು ತವಕ್ಕುಲ್ ಅಲ್ಲ, ಉದಾಸೀನ.

ಹಾಗಾದರೆ ತಾಯಿ ಸರಿಯೇ? ಅಮೆರಿಕದ ಸಂಶೋಧಕರು 1985ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಳಗೆ ತಗ್ಗಿರುವಂತೆ ಕಾಣುವ ಗಾಜಿನ ಹಾಸಿನ ಮೇಲೆ ಒಂದು ವರ್ಷದ ಮಕ್ಕಳನ್ನು ಬಿಡಲಾಯಿತು. ಎದುರಿಗೆ ತಾಯಿ ನಗುಮುಖ ತೋರಿದಾಗ 19 ಮಕ್ಕಳಲ್ಲಿ 14 ಮಕ್ಕಳು ದಾಟಿ ಬಂದವು. ತಾಯಿ ಹೆದರಿದ ಮುಖ ತೋರಿದಾಗ 17 ಮಕ್ಕಳಲ್ಲಿ ಒಂದೂ ದಾಟಲಿಲ್ಲ. ಅಪಾಯ ಎಷ್ಟೆಂದು ಮಗು ಅಳೆಯುವುದು ನಮ್ಮ ಮುಖ ನೋಡಿಯೇ. ಎಲ್ಲದಕ್ಕೂ ಚೀರುವ ತಾಯಿಯ ಮಗು ಒಂದೋ ಪುಕ್ಕಲಾಗುತ್ತದೆ, ಇಲ್ಲವೇ ನಿಜವಾದ ಅಪಾಯ ಬಂದಾಗಲೂ ಆ ಕೂಗಿಗೆ ಕಿವಿಗೊಡುವುದಿಲ್ಲ.

ಇದಕ್ಕಿಂತ ದೊಡ್ಡ ಹಾನಿಯನ್ನು ನಾನು ಮದ್ರಸದಲ್ಲಿ ಕಂಡೆ. ಹೊಳೆಯ ದಂಡೆಗೂ ಹೋಗಬಾರದೆಂದು ಮನೆಯವರು ತಡೆದಿದ್ದ ಹುಡುಗನೊಬ್ಬ ಕದ್ದು ಹೋಗಿ, ಬಂಡೆಯಿಂದ ಜಾರಿ ಕೈ ಮುರಿದುಕೊಂಡ. ಮನೆಯಲ್ಲಿ ಮದ್ರಸದ ಮೆಟ್ಟಿಲಲ್ಲಿ ಬಿದ್ದೆನೆಂದ. ಮುರಿದ ಕೈ ಕೂಡಿಕೊಂಡಿತು. ಸುಳ್ಳಿಗೆ ಒಗ್ಗಿದ ನಾಲಗೆಗೆ ಯಾವ ಪಟ್ಟಿ ಕಟ್ಟೋಣ? ತಂದೆ ಜೊತೆಗೆ ನಿಂತು ಈಜು ಕಲಿಸಿದ್ದರೆ ಎರಡೂ ತಪ್ಪುತ್ತಿತ್ತು.

ಬಾಲಕ ಅನಸ್(ರ)ರನ್ನು ಪ್ರವಾದಿವರ್ಯರು(ಸ) ಒಂದು ಕೆಲಸಕ್ಕೆ ಕಳುಹಿಸಿದ್ದರು. ಅವರು ಬೀದಿಯಲ್ಲಿ ಆಡುತ್ತಿದ್ದ ಹುಡುಗರ ಬಳಿ ನಿಂತುಬಿಟ್ಟರು. ಆಗ ಹಿಂದಿನಿಂದ ಯಾರೋ ಕುತ್ತಿಗೆ ಹಿಡಿದರು. ತಿರುಗಿ ನೋಡಿದರೆ ಪ್ರವಾದಿವರ್ಯರು(ಸ) ನಗುತ್ತಿದ್ದರು. ಹೇಳಿದಲ್ಲಿಗೆ ಹೋದೆಯಾ ಎಂದು ಅಕ್ಕರೆಯಿಂದ ಕೇಳಿದರು (ಮುಸ್ಲಿಮ್). ಅಲ್ಲಿ ನಿಗಾ ಇತ್ತು, ಅಬ್ಬರ ಇರಲಿಲ್ಲ.

ಯಾಕೂಬ್(ಅ)ರಿಗೂ ತೋಳದ ಭಯವಿತ್ತು. ಆದರೂ ಯೂಸುಫ್(ಅ)ರನ್ನು ಆಟಕ್ಕೆ ಕಳುಹಿಸಿದರು, ಅಗಲಿಕೆಯ ನೋವುಂಡರು. ವರ್ಷಗಳ ಬಳಿಕ ಈಜಿಪ್ಟಿಗೆ ಹೊರಟ ಮಕ್ಕಳನ್ನು ಅವರು ಮನೆಯಲ್ಲಿ ಕೂಡಿಹಾಕಲಿಲ್ಲ. ಬೇರೆ ಬೇರೆ ಬಾಗಿಲುಗಳಿಂದ ಪ್ರವೇಶಿಸಿರೆಂದು ಎಚ್ಚರಿಸಿ, ಅಲ್ಲಾಹನಿಗೆ ಒಪ್ಪಿಸಿದರು.

ಮಕ್ಕಳು ನಮ್ಮ ಸೊತ್ತಲ್ಲ, ಅಮಾನತ್ತು. ಅಮಾನತ್ತನ್ನು ಬೀದಿಯಲ್ಲಿ ಬಿಡುವಂತಿಲ್ಲ. ಅದು ಬೆಳೆಯದಂತೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವಂತೆಯೂ ಇಲ್ಲ. ಮಗು ಮರ ಹತ್ತಲಿ, ನಾವು ಬುಡದಲ್ಲಿ ನಿಂತಿರೋಣ. ಅಲ್ಲಾಹನು ಅದಕ್ಕೆ ತೌಫೀಕ್ ನೀಡಲಿ, ಆಮೀನ್.